ತಂಡದವರಿಗೆ ಮ್ಯಾನೇಜರ್ ಮೇಲೆ ನಂಬಿಕೆ ಬರುವುದು ಹೇಗೆ?

ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದ್ದೀರಿ. ಬಹುಶಃ ನಂಬಿಕೆ ಇರಲಿಕ್ಕಿಲ್ಲ. ಕಳೆದ ಸಲ ಯಾರಾದರೂ ತಮ್ಮ ತಪ್ಪನ್ನು ತಾವೇ ಬಂದು ಹೇಳಿದಾಗ ನಿಮ್ಮ ಮುಖ ಹೇಗಿತ್ತು, ಸ್ವಲ್ಪ ನೆನಪು ಮಾಡಿಕೊಳ್ಳಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ವಿಚಿತ್ರವೆಂದರೆ, ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು! ಅವರು ಕಂಡುಕೊಂಡ ಕಾರಣ ಇಷ್ಟು: ಅಲ್ಲಿನವರು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟದ್ದು ಹೊರಬರುವಷ್ಟರಲ್ಲಿ ಕೆಲಸ ಕೈಮೀರಿರುತ್ತದೆ, ಅಲ್ವಾ? ಹಾಗಾಗಿ ಕೆಟ್ಟ ಸುದ್ದಿ ತಂದವರಿಗೆ ಮೊದಲು ‘ಬೇಗ ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ವಿಚಾರಣೆ ಆಮೇಲೆ. ಎಲ್ಲರೆದುರು ಬೈಯುವುದಂತೂ ಬೇಡವೇ ಬೇಡ.

ಗಂಟೆಗೊಮ್ಮೆ ‘ಕೆಲಸ ಎಲ್ಲಿಗೆ ಬಂತು?’ ಅಂತ ಕೇಳುವ ಅಭ್ಯಾಸವಿದ್ದರೆ ಬಿಡಿ; ನಿಮಗೇ ತಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅವರಿಗೆ ಅನಿಸುತ್ತದೆ.

ಇನ್ನು ಕೊಟ್ಟ ಮಾತು. ‘ಸಂಬಳದ ವಿಷಯ ಮೇಲಿನವರ ಹತ್ತಿರ ಮಾತಾಡುತ್ತೇನೆ’ ಅಂದಮೇಲೆ ಮಾತಾಡಲೇಬೇಕು. ಕೆಲಸ ಆಗದಿದ್ದರೆ ಆಗಲಿಲ್ಲ ಎಂದು ನೀವೇ ಹೋಗಿ ಹೇಳಿ. ಪಾಪ, ಅವರು ನಾಲ್ಕು ಸಲ ಬಂದು ಕೇಳುವ ಹಾಗೆ ಮಾಡಬೇಡಿ. ಔಟಿಂಗ್, ಪಾರ್ಟಿ ಎಲ್ಲ ಚೆನ್ನಾಗಿರುತ್ತದೆ, ಆದರೆ ಈ ತೊಂದರೆಗೆ ಅದು ಮದ್ದಲ್ಲ ಅಂತ ನನ್ನ ಅನಿಸಿಕೆ.