ನಿಮ್ಮ ನಾಯಕ ಅಳಲಿಲ್ಲ, ಸರಿ. ಅಕ್ಕನ ಮುಖ ನೋಡಿದನಾ?

ಪ್ರಿಯ ಲೇಖಕರಿಗೆ,

ನಿಮ್ಮ ‘ಒಂದೇ ಮಾತ್ರೆ’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿಯೇ ಹೇಳುತ್ತೇನೆ.

ಯಾವ ಕಾಯಿಲೆಯೂ ಇಲ್ಲದ ಯುವಕ. ಅಪ್ಪ ತೀರಿಕೊಂಡ ದಿನ ಯಾರೋ ಹೇಳಿದರೆಂದು ಲೊರಾಜೆಪಾಮ್ ಎಂಬ ಆತಂಕ ತಗ್ಗಿಸುವ ಮಾತ್ರೆ ನುಂಗಿ ‘ಕಲ್ಲಾಗುತ್ತಾನೆ’. ಮರುದಿನ ಪ್ರತಿ ಗಳಿಗೆಯೂ ನೆನಪಾಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಇಷ್ಟೇ ಅಲ್ವಾ?

ಮೊದಲು ಆ ಕಲ್ಲು. ಈ ಜಾತಿಯ ಮಾತ್ರೆಗಳು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತವೆ. ನರಕೋಶಗಳ ಗದ್ದಲ ತಗ್ಗುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಲೊರಾಜೆಪಾಮ್ ಕೊಟ್ಟು, ಸಿಟ್ಟು, ಭಯ ತೋರುವ ಮುಖಗಳನ್ನು ತೋರಿಸುತ್ತಾ ಮಿದುಳನ್ನು ಸ್ಕ್ಯಾನ್ ಮಾಡಿದರು. ಅಪಾಯದ ವಾಸನೆ ಹಿಡಿಯುವ ಅಮಿಗ್ಡಾಲ, ಮೈಯೊಳಗಿನ ತಳಮಳ ಗಮನಿಸುವ ಇನ್ಸುಲಾ, ಎರಡರ ಚಟುವಟಿಕೆಯೂ ಕಡಿಮೆಯಾಯಿತು. ಡೋಸ್ ಜಾಸ್ತಿಯಾದಷ್ಟೂ ಇನ್ನೂ ಕಡಿಮೆ. ಕಡಿಮೆ ಅಂದೆ, ನಿಂತೇ ಹೋಯಿತು ಅನ್ನಲಿಲ್ಲ. ಜೊತೆಗೆ ತೂಕಡಿಕೆ ಬರುತ್ತದೆ, ಕಾಲು ತಡವರಿಸುತ್ತದೆ. ನಿಮ್ಮ ನಾಯಕ ಮಾತ್ರ ದಿನವಿಡೀ ಸಿಪಾಯಿಯ ಹಾಗೆ ಓಡಾಡಿಕೊಂಡಿದ್ದಾನೆ!

ಎರಡನೇ ಪುಟದಲ್ಲಿ ಎದೆಬಡಿತ ನಿಧಾನವಾಗಿ ಕೈನಡುಕ ನಿಲ್ಲುತ್ತದೆ. ಅದು ಪ್ರೊಪ್ರನೊಲಾಲ್ ಎಂಬ ಬೇರೊಂದು ಮಾತ್ರೆ ಮಾಡುವ ಕೆಲಸ. ಅದರ ದಾರಿ ಬೇರೆ. 1994ರ ಪ್ರಯೋಗವೊಂದರಲ್ಲಿ ಅದನ್ನು ನುಂಗಿದ ಆರೋಗ್ಯವಂತರಿಗೆ ಒಂದು ಕತೆಯ ಮನಕಲಕುವ ಭಾಗ ಆಮೇಲೆ ಕಡಿಮೆ ನೆನಪಿತ್ತು. ಸಪ್ಪೆ ಕತೆಯ ನೆನಪಿಗೆ ಏನೂ ಆಗಿರಲಿಲ್ಲ. ಎರಡು ಮಾತ್ರೆ ಬೆರೆಸಬೇಡಿ, ಕತೆಯಲ್ಲೂ.

ನನಗೆ ನಿಜಕ್ಕೂ ಬೇಜಾರಾದದ್ದು ನಾಲ್ಕನೇ ಪುಟದಲ್ಲಿ. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ‘ಅವಳ ಕಣ್ಣಲ್ಲಿ ಹತ್ತು ವರ್ಷದ ಸಿಟ್ಟು ಉರಿಯುತ್ತಿತ್ತು’ ಎಂದು ಅವನೇ ಗುರುತಿಸುತ್ತಾನೆ. ಅವನಿಗೆ ಕಾಣದೇ ಹೋಗಬೇಕಾದದ್ದು ಅದೇ! 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಇದೇ ಗುಂಪಿನ ಡಯಾಜೆಪಾಮ್ ನುಂಗಿದ ಆರೋಗ್ಯವಂತರು ಮುಖದ ಮೇಲಿನ ಸಿಟ್ಟನ್ನು ಗುರುತಿಸುವುದರಲ್ಲೇ ಎಡವಿದರು. ಅವನು ಅಕ್ಕನನ್ನು ನೋಡಲಿ. ‘ಪಾಪ, ಸುಸ್ತಾಗಿದ್ದಾಳೆ’ ಅಂದುಕೊಳ್ಳಲಿ. ‘ಸ್ವಲ್ಪ ಮಲಗಕ್ಕಾ’ ಅನ್ನಲಿ. ಓದುಗರಿಗೆ ಅವಳ ಸಿಟ್ಟು ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಕತೆ ನಿಮ್ಮ ಕೈಯಲ್ಲೇ ಇತ್ತು, ಸುಮ್ನೆ ಬಿಟ್ಟುಬಿಟ್ಟಿರಿ.

ಕೊನೆಯೂ ಹಾಗೇ. ಈ ಮಾತ್ರೆಗಳು ಹೊಸ ನೆನಪು ಕೂರಲು ಬಿಡುವುದಿಲ್ಲ. ಅಪ್ಪ ಹೋದ ಸುದ್ದಿ ನೆನಪಿರುತ್ತದೆ, ಅದು ನುಂಗುವ ಮುಂಚಿನದು. ಆಮೇಲಿನದರಲ್ಲಿ ತೂತು ಬೀಳಬಹುದು. ಮರುದಿನ ಅವನು ಅಳುವುದಕ್ಕಿಂತ, ‘ನಿನ್ನೆ ನಾನು ಏನಂದೆ?’ ಎಂದು ಅಕ್ಕನನ್ನೇ ಕೇಳುವುದು ಹೆಚ್ಚು ನಂಬುವಂಥದ್ದು.

ಪತ್ರದಲ್ಲಿ ‘ಅನುಭವಕ್ಕೆ ನಾನೇ ಒಂದು ನುಂಗಿ ನೋಡಲಾ’ ಎಂದು ಕೇಳಿದ್ದೀರಿ. ಬೇಡವೇ ಬೇಡ. ವೈದ್ಯರು ಬರೆದುಕೊಡದೆ ಮುಟ್ಟುವ ಔಷಧಿಯಲ್ಲ ಇದು. ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಿಗೇ ಕುತ್ತು. ಅಷ್ಟಕ್ಕೂ, ನುಂಗಿದ ಮೇಲೆ ಬರೆಯಲು ನೆನಪೇನು ಉಳಿದಿರುತ್ತದೆ?

‘ಭಾವಶೂನ್ಯ’ ಹನ್ನೊಂದು ಕಡೆ ಇದೆ. ಹನ್ನೊಂದನ್ನೂ ಹೊಡೆದುಹಾಕಿ. ಅಕ್ಕನ ದೃಶ್ಯವನ್ನು ಮೊದಲು ಬರೆದು ಅದೊಂದನ್ನೇ ಕಳಿಸಿ, ಉಳಿದದ್ದು ಆಮೇಲೆ ನೋಡೋಣ.

ಸಂಪಾದಕ