ಹಾಲು, ಗೋಧಿ ಎರಡನ್ನೂ ನಾಳೆಯಿಂದಲೇ ಬಿಟ್ಟು ನೋಡಲಾ? ಊಟದ ಲೆಕ್ಕ ಇಡೋಕೆ ಯಾವ ಆ್ಯಪ್ ಒಳ್ಳೇದು?

ಎರಡನ್ನೂ ಬಿಡಬೇಡಿ. ಆ್ಯಪೂ ಬೇಡ. ಏನು ತಿಂದರೂ ಹೊಟ್ಟೆ ಉಬ್ಬರಿಸುತ್ತೆ, ಯಾವುದರಿಂದ ಅಂತ ತಿಳೀತಿಲ್ಲ ಅಂದಿದ್ದೀರಲ್ಲ, ನನ್ನದೂ ಅದೇ ಕಥೆ.

ನಾನು ದಾವಣಗೆರೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋನು. ಬೆಳಗ್ಗೆ ಹತ್ತರ ಹೊತ್ತಿಗೆ ಹೊಟ್ಟೆ ಬಿಗಿದು, ಗಿರಾಕಿ ಎದುರಿಗೇ ಟೇಬಲ್ ಕೆಳಗೆ ಕೈಹಾಕಿ ಬೆಲ್ಟ್ ಸಡಿಲ ಮಾಡ್ಕೋಬೇಕಿತ್ತು. ಯಾರೋ ಹೇಳಿದರು ಅಂತ ಪುಕ್ಕಟೆ ಬಂದ ಡೈರಿಯಲ್ಲಿ ಬರೆಯೋಕೆ ಶುರು ಮಾಡಿದೆ. 'ಬೆ. 8 ಬೆಣ್ಣೆ ದೋಸೆ. 10 ಉಬ್ಬರ, ತೇಗು.' ಪುಟ ತಿರುವಿದರೆ ಮತ್ತದೇ ದೋಸೆ, ಅದೇ ಉಬ್ಬರ. ಬೆಣ್ಣೆನೇ ಕಳ್ಳ ಅಂತ ತೀರ್ಮಾನ ಮಾಡಿದೆ. ಈ ಊರಲ್ಲಿ ಹುಟ್ಟಿ ಬೆಣ್ಣೆ ದೋಸೆ ಬಿಟ್ಟೆ! ಗೆಳೆಯರು ಹೋಟೆಲ್ ಒಳಗೆ ಕೂತಿದ್ದರೆ ನಾನು ಹೊರಗೆ ಗಾಡಿ ಕಾಯ್ತಿದ್ದೆ. ಹೊಟ್ಟೆ ಮಾತ್ರ ಹಾಗೇ ಇತ್ತು.

ಎಡವಿದ್ದು ಎಲ್ಲಿ ಅಂದರೆ, ತ್ರಾಸಾದ ದಿನ ಮಾತ್ರ ಡೈರಿ ತೆಗೀತಿದ್ದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಎಲ್ಲರೂ ಮಾಡೋದು ಇದನ್ನೇ. ದೋಸೆ ತಿಂದೂ ಆರಾಮಾಗಿದ್ದ ದಿನಗಳು ಬೇಕಾದಷ್ಟಿದ್ದವು. ಆದರೆ ಆರಾಮಿದ್ದಾಗ ಡೈರಿ ಯಾರಿಗೆ ನೆನಪಾಗುತ್ತೆ? ಜಮಾ ಬರೆಯದೆ ಬರೀ ಖರ್ಚು ಬರೆದ ಖಾತೆ ಅದು. ಅದನ್ನ ನೋಡಿದರೆ ಎಂಥ ಅಂಗಡಿಯೂ ದಿವಾಳಿ. ಅದರ ಜೊತೆಗೆ, ಹಿಂದಿನ ಸಂಜೆ ಏಳಕ್ಕೆ ಮೆಂತೆ ಮಂಡಕ್ಕಿ ಮಿರ್ಚಿ ಹೊಡೆದಿದ್ದನ್ನ ಬರೆದೇ ಇರಲಿಲ್ಲ. ಅದನ್ನ ನಮ್ಮಲ್ಲಿ ಊಟ ಅಂತ ಯಾರು ಲೆಕ್ಕಕ್ಕೆ ಹಿಡೀತಾರೆ?

ಕೊನೆಗೆ ಡಾಕ್ಟರು ಡೈರಿ ನೋಡಿ, 'ಚೆನ್ನಾಗಿದ್ದ ದಿನ ಏನು ತಿಂದಿದ್ರಿ?' ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಜೊತೆಗೆ ಬಂದಿದ್ದ ಅವ್ವ, 'ಶ್ರಾವಣದಾಗೆ ಏನೂ ಅಂದಿರ್ಲಿಲ್ಲ ಸರ್ ಇವ್ನು' ಅಂದಳು. ನಮ್ಮನೇಲಿ ಶ್ರಾವಣ ಪೂರ್ತಿ ಈರುಳ್ಳಿ, ಬೆಳ್ಳುಳ್ಳಿ ಒಳಗೆ ಬರಲ್ಲ, ನನ್ನ ಮಂಡಕ್ಕಿಯೂ ಬಂದ್.

ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಅನ್ನೋ ಅಂಶ ಇರುತ್ತೆ. ಸಣ್ಣ ಕರುಳಲ್ಲಿ ಅದು ಯಾರಿಗೂ ಜೀರ್ಣ ಆಗಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಗ್ಯಾಸ್ ಮಾಡ್ತವೆ, ಕೆಲವರ ಕರುಳು ಅದನ್ನ ತಡೆಯಲ್ಲ. ಇದಕ್ಕೆಲ್ಲ ಗಂಟೆಗಟ್ಟಲೆ ಬೇಕು. ಸಂಜೆಯ ಮಂಡಕ್ಕಿಯಲ್ಲಿದ್ದ ಈರುಳ್ಳಿ ಮಾಡಿದ್ದಕ್ಕೆ ಬೆಳಗಿನ ದೋಸೆ ಬೈಸಿಕೊಳ್ತು. ಬೆಣ್ಣೆಯಲ್ಲಂತೂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇರೋದೇ ಅತ್ಯಲ್ಪ.

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು, ಹೊಟ್ಟೆ ತಿಳಿಯಾದ ಮೇಲೆ ಹಸಿ ಈರುಳ್ಳಿ ಒಂದನ್ನೇ ವಾಪಸ್ ತಂದೆ. ಮಾರನೇ ದಿನ ಬೆಲ್ಟ್ ಮತ್ತೆ ಸಡಿಲ. ಮಿರ್ಚಿ ಒಂದೇ ತಿಂದರೆ ಏನೂ ಇಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಫಾಡ್‌ಮ್ಯಾಪ್ ಪದ್ಧತಿಯ ದಾರಿಯೂ ಇದೇ: ಫ್ರಕ್ಟಾನ್, ಲ್ಯಾಕ್ಟೋಸ್‌ನಂಥ ಕರುಳಲ್ಲಿ ಹುಳಿಯೋ ಅಂಶ ಇರೋ ಆಹಾರ ಕೆಲವು ವಾರ ಬಿಡೋದು, ಆಮೇಲೆ ಒಂದೊಂದಾಗಿ ತಿಂದು ನೋಡೋದು. ಬಿಡೋದು ಎಲ್ಲರಿಗೂ ಗೊತ್ತು, ವಾಪಸ್ ತಿನ್ನೋಕೆ ಯಾರೂ ತಯಾರಿಲ್ಲ.

ಹಾಗಾಗಿ ನೀವು ಮೊದಲು ಏನನ್ನೂ ಬಿಡದೆ ಒಂದೆರಡು ವಾರ ದಿನಾ ಬರೀರಿ. ಟೀ, ಬಾಯಾಡಿಸಿದ ಶೇಂಗಾ, ಮಾತ್ರೆ, ನಿದ್ದೆಗೆಟ್ಟ ರಾತ್ರಿ, ಎಲ್ಲಾ ಗಂಟೆ ಸಮೇತ. ಹಾಲು, ಗೋಧಿ ಒಟ್ಟಿಗೆ ಬಿಟ್ಟು ಆರಾಮಾದರೆ ಯಾವುದರಿಂದ ಅಂತ ಹೇಗೆ ಹೇಳ್ತೀರಿ? ಗೋಧಿಯಂತೂ ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡೋ ಕಾಯಿಲೆ) ರಕ್ತಪರೀಕ್ಷೆ ಆಗೋವರೆಗೂ ಬಿಡಲೇಬೇಡಿ. ಬಿಟ್ಟರೆ ಆ ಪರೀಕ್ಷೆ ಹುಡುಕೋ ಪ್ರತಿಕಾಯ ರಕ್ತದಲ್ಲಿ ಇಳಿದು, ಕಾಯಿಲೆ ಇದ್ದರೂ ಇಲ್ಲ ಅಂತ ವರದಿ ಬರಬಹುದು. ಐಜಿಜಿ ಅನ್ನೋ ಇನ್ನೊಂದು ಪ್ರತಿಕಾಯ ಅಳೆದು ನೂರಾರು ಆಹಾರದ ಪಟ್ಟಿ ಕೊಡೋ ಪರೀಕ್ಷೆಗೆ ದುಡ್ಡು ಸುರೀಬೇಡಿ, ಅದು ಹೆಚ್ಚೆಂದರೆ ನೀವು ಏನು ತಿಂತಾ ಬಂದಿದ್ದೀರಿ ಅಂತ ತೋರಿಸುತ್ತೆ. ತೂಕ ಇಳೀತಿದ್ದರೆ, ಮಲದಲ್ಲಿ ರಕ್ತ ಕಂಡರೆ ಡೈರಿ ಪಕ್ಕಕ್ಕಿಟ್ಟು ಡಾಕ್ಟರ ಹತ್ರ ಹೋಗಿ. ತಿಂದ ಕೂಡಲೇ ತುಟಿ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ, ಮನೇಲಿ ಪ್ರಯೋಗ ಮಾಡೋ ವಿಷಯ ಅಲ್ಲ.

ಫ್ರಕ್ಟಾನ್ ನೀರಲ್ಲಿ ಕರಗುತ್ತೆ, ಎಣ್ಣೇಲಿ ಕರಗಲ್ಲ. ನಮ್ಮನೇಲೀಗ ಬೆಳ್ಳುಳ್ಳಿ ಎಸಳು ಎಣ್ಣೇಲಿ ಕೆಂಪಗೆ ಹುರಿದು, ಎಸಳು ತೆಗೆದು ಅದೇ ಎಣ್ಣೇಲಿ ಒಗ್ಗರಣೆ. ಇಂಗೂ ನಡೆಯುತ್ತೆ. ಆದರೆ ನಿಮಗೆ ಸೀಲಿಯಾಕ್ ಅಂತ ಬಂದರೆ ಇಂಗಿನ ಡಬ್ಬಿ ಹಿಂದೆ ಓದಿ ತಗೊಳ್ಳಿ, ಅಂಗಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರ್ತಾರೆ.