ಕ್ಯಾಮೆರಾ ಕಂಡ ಸ್ಟುಡಿಯೊ ಎಷ್ಟು ನಿಜ?

ಪ್ರಶ್ನೆ: ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಸಮಕಾಲೀನ ಕಲಾವಿದರನ್ನು ಅವರ ಸ್ಟುಡಿಯೊದಲ್ಲೇ ಪರಿಚಯಿಸುವ ಯೂಟ್ಯೂಬ್ ವಿಡಿಯೊಗಳನ್ನು ಶನಿವಾರಗಳಂದು ಮಕ್ಕಳಿಗೆ ತೋರಿಸುತ್ತೇನೆ. ಮೊನ್ನೆ ಒಬ್ಬ ಹುಡುಗ, ‘ಕ್ಯಾಮೆರಾ ಇದೆ ಅಂತ ಅವರು ಬೇಕಂತಲೇ ಹಾಗೆ ಮಾಡ್ತಾರಲ್ವಾ ಮಿಸ್?’ ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಇವುಗಳಿಂದ ಮಕ್ಕಳು ನಿಜವಾಗಿ ಏನು ಕಲಿಯಬಹುದು?

– ಓದುಗರೊಬ್ಬರು, ಹಾಸನ

ಉತ್ತರ: ಆ ಹುಡುಗನ ಅನುಮಾನ ಸರಿಯಾದದ್ದೇ, ಅವನನ್ನು ದಯವಿಟ್ಟು ಮೆಚ್ಚಿಕೊಳ್ಳಿ. ನೆಲದ ಮೇಲೆ ಹಾಸಿದ ಕ್ಯಾನ್ವಾಸಿಗೆ ಬಣ್ಣ ಸುರಿದು ಚಿತ್ರ ಮಾಡುತ್ತಿದ್ದ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಅವರ ಕೆಲಸವನ್ನು 1950ರಲ್ಲಿ ಛಾಯಾಗ್ರಾಹಕ ಹಾನ್ಸ್ ನಾಮುತ್ ಚಿತ್ರೀಕರಿಸಿದಾಗ, ಸ್ಟುಡಿಯೊದೊಳಗಿನ ಬೆಳಕು ಸಾಲದೆಂದು ಪೊಲಾಕ್ ಚಳಿಯಲ್ಲಿ ಹೊರಗೆ ನಿಂತು ಬಣ್ಣ ಸುರಿಯಬೇಕಾಯಿತು. ಕೆಳಗಿನಿಂದ ಕ್ಯಾಮೆರಾಕ್ಕೆ ಕಾಣಲೆಂದು ಗಾಜಿನ ಮೇಲೂ ಚಿತ್ರ ಮಾಡಬೇಕಾಯಿತು. ಅಲ್ಲಿ ಸನ್ನಿವೇಶ ಏರ್ಪಡಿಸಿದ್ದು, ಆದರೆ ಬಣ್ಣದ ಧಾರೆಯನ್ನು ಹಿಡಿತದಲ್ಲಿಟ್ಟುಕೊಂಡ ಮಣಿಕಟ್ಟಿನ ಪಳಗಿಕೆಯನ್ನು ಯಾರೂ ಏರ್ಪಡಿಸಲಾಗದು. ಮಕ್ಕಳಿಗೆ ಈ ವ್ಯತ್ಯಾಸವನ್ನು ಗುರುತಿಸಲು ಕಲಿಸಿದರೆ ಅರ್ಧ ಪಾಠ ಮುಗಿದಂತೆ.

2001ರಿಂದ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾಗುತ್ತಿರುವ ಆರ್ಟ್21 ಸರಣಿಯ ಚಿತ್ರಗಳೂ, ಡೆನ್ಮಾರ್ಕಿನ ಲೂಯಿಸಿಯಾನ ವಸ್ತುಸಂಗ್ರಹಾಲಯ 2012ರಲ್ಲಿ ಆರಂಭಿಸಿದ ಲೂಯಿಸಿಯಾನ ಚಾನೆಲ್‌ನ ಸಂದರ್ಶನಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಇವುಗಳಲ್ಲಿ ಕಲಾವಿದರ ಮಾತಿಗಿಂತ ಕೈಗೆ ಹೆಚ್ಚು ಹೊತ್ತು ಕೊಟ್ಟಿರುವುದನ್ನು ಆರಿಸಿಕೊಳ್ಳಿ. ನಾನಾದರೆ ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರಿಂದ ಆರಂಭಿಸುತ್ತೇನೆ. ಅವರು ಇದ್ದಿಲಿನಿಂದ ಚಿತ್ರ ಬರೆದು, ಕ್ಯಾಮೆರಾದ ಬಳಿಗೆ ನಡೆದು ಹೋಗಿ ಅದರ ಫೋಟೊ ತೆಗೆದು, ಮರಳಿ ಬಂದು ಒಂದಿಷ್ಟನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಫೋಟೊ ತೆಗೆಯುತ್ತಾರೆ. ಹೀಗೆ ಒಂದೇ ಹಾಳೆಯ ಮೇಲಿನ ಬದಲಾವಣೆಗಳಿಂದ ಚಲನಚಿತ್ರ ಹುಟ್ಟುತ್ತದೆ, ಅಳಿಸಿದ ಗೆರೆಯ ಮಸುಕು ಹಾಳೆಯಲ್ಲೂ ಚಿತ್ರದಲ್ಲೂ ಉಳಿದುಬಿಡುತ್ತದೆ. ರಬ್ಬರ್ ಹಿಡಿಯುವುದೆಂದರೆ ತಪ್ಪೊಪ್ಪಿಕೊಂಡಂತೆ ಎಂದು ಭಾವಿಸಿ ಬೆಳೆಯುವ ನಮ್ಮ ಮಕ್ಕಳು ಇದನ್ನು ನೋಡಲೇಬೇಕು.

ಮೊದಲ ಸಲ ಧ್ವನಿಯಿಲ್ಲದೆ ತೋರಿಸಿ. ನಡುವೆ ನಿಲ್ಲಿಸಿ, ‘ಈಗ ಇವರು ಏನು ಮಾಡಬಹುದು?’ ಎಂದು ಕೇಳಿ, ಮಕ್ಕಳ ಉತ್ತರ ಬಂದ ಮೇಲೆ ಮುಂದುವರಿಸಿ. ಎರಡನೆಯ ಸಲ ಕಲಾವಿದರ ಮಾತನ್ನು ನೀವೇ ಕನ್ನಡದಲ್ಲಿ ವಿವರಿಸಿದರೆ ಸಾಕು.

ನಿಮ್ಮೂರಿನವರಿಗೆ ಇನ್ನೊಂದು ಅನುಕೂಲವಿದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕಲ್ಲಿನಲ್ಲೇ ಇವೆ. ಹೆಸರು ಉಳಿದರೂ ಅವರು ಬಳಪದ ಕಲ್ಲಿನ ಮುಂದೆ ಕುಳಿತು ಉಳಿ ಆಡಿಸಿದ ಪರಿಯನ್ನು ನೋಡುವ ಭಾಗ್ಯ ನಮಗಿಲ್ಲ. ಇಂದು ಕೆಲಸ ಮಾಡುತ್ತಿರುವವರ ವಿಷಯದಲ್ಲಿ ಹಾಗಾಗಬೇಕಿಲ್ಲ. ಹತ್ತಿರದ ಶಿಲ್ಪಿಯನ್ನೋ ಗಣಪತಿ ಮಾಡುವವರನ್ನೋ ಮಕ್ಕಳೇ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಮೊಬೈಲನ್ನು ಒಂದೆಡೆ ಅಲುಗದಂತೆ ಇಟ್ಟು, ಕೈ ಕಾಣುವಷ್ಟು ಸಮೀಪದಿಂದ ಕನಿಷ್ಠ ಹತ್ತು ನಿಮಿಷ ಕತ್ತರಿಸದೆ ತೆಗೆಯಲಿ, ಸಂಗೀತ ಸೇರಿಸದಿರಲಿ. ಉಳಿಯ ಸದ್ದೇ ಸಾಕು. ಮುಗಿದ ಮೇಲೆ ಆ ಕಲಾವಿದರಿಗೇ ಮೊದಲು ತೋರಿಸಿ, ಅವರು ಬೇಡವೆಂದ ಭಾಗವನ್ನು ತೆಗೆದ ನಂತರವೇ ತರಗತಿಯಲ್ಲಿ ಪ್ರದರ್ಶಿಸಿ.